ಅಂಗಳಕ್ಕೆ ಬಿದ್ದ ಕಿಟಕಿ: ಆಕ್ಸ್‌ಬರೋ ಹಾಲ್ ಎಂಬ ಇಟ್ಟಿಗೆ ಮನೆಯ ದುರಸ್ತಿಯ ಪ್ರಕರಣ

2016ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಆಕ್ಸ್‌ಬರೋ ಹಾಲ್ ಎಂಬ ಹಳೆಯ ಮನೆಯ ಮಾಡಿನಿಂದ ಒಂದು ಕಿಟಕಿ ಕಳಚಿ ಒಳ ಅಂಗಳಕ್ಕೆ ಬಿತ್ತು. ಕಿಟಕಿ ಎಂದರೆ ಚೌಕಟ್ಟು, ಗಾಜು ಇಷ್ಟೇ ಅಂದುಕೊಳ್ಳಬಾರದು. ಇದು ಡಾರ್ಮರ್ ಕಿಟಕಿ. ಇಳಿಜಾರು ಚಾವಣಿಯನ್ನು ಸೀಳಿಕೊಂಡು ಎದ್ದು ನಿಂತ ಪುಟ್ಟ ಮನೆಯ ಹಾಗೆ ಅದಕ್ಕೆ ತನ್ನದೇ ಇಟ್ಟಿಗೆ ಗೋಡೆ, ತನ್ನದೇ ಮುಂಭಾಗ, ತನ್ನದೇ ಹೆಂಚಿನ ಮಾಡು ಇರುತ್ತದೆ. ಅಷ್ಟು ಭಾರ ಒಮ್ಮೆಲೇ ಕೆಳಕ್ಕೆ ಬಂತು. ಯಾರಿಗೂ ಪೆಟ್ಟಾಗಲಿಲ್ಲ ಎನ್ನುವುದೇ ದೊಡ್ಡದು.

ಬಿದ್ದದ್ದು ಒಂದು ಕಿಟಕಿ. ತಜ್ಞರು ಹತ್ತಿ ನೋಡಿದಾಗ ಉಳಿದ ಡಾರ್ಮರ್‌ಗಳು, ಚಿಮಣಿಗಳು, ಚಾವಣಿಯ ಮರಮುಟ್ಟು ಎಲ್ಲವೂ ಅಪಾಯದಲ್ಲಿವೆ ಎಂದು ಗೊತ್ತಾಯಿತು. ಮನೆಯ ಒಡೆತನ ಇರುವುದು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಕೈಯಲ್ಲಿ. ಅದು ಕೈಗೆತ್ತಿಕೊಂಡ ದುರಸ್ತಿಗೆ ತಗುಲಿದ್ದು 60 ಲಕ್ಷ ಪೌಂಡ್. ಆ ಕೆಲಸದ ನಡುವೆ ಅಟ್ಟದ ಹಲಗೆಗಳ ಕೆಳಗಿನಿಂದ ಐದು ಶತಮಾನದ ವಸ್ತುಗಳು ಹೊರಬಂದವು, ಪತ್ರಿಕೆಗಳಲ್ಲೂ ಅದೇ ಸುದ್ದಿಯಾಯಿತು. ನನಗೆ ಆ ವಸ್ತುಗಳಷ್ಟೇ ಮುಖ್ಯ ಅನ್ನಿಸುವುದು ಮನೆ. ಹಳೆಯ ಇಟ್ಟಿಗೆ ಮನೆ ಎಲ್ಲಿ ಸೋಲುತ್ತದೆ, ಅದನ್ನು ಎತ್ತಿ ನಿಲ್ಲಿಸುವಾಗ ಎಷ್ಟು ನಿಧಾನ ಬೇಕು ಎನ್ನುವುದಕ್ಕೆ ಇಷ್ಟು ಸ್ಪಷ್ಟವಾದ ಪ್ರಕರಣ ಇನ್ನೊಂದು ನನಗೆ ತಿಳಿದಿಲ್ಲ.

ಕಲ್ಲಿಲ್ಲದ ಸೀಮೆಯಲ್ಲಿ ಮನೆ

ಮೊದಲು ಮನೆ ಕಟ್ಟಿದ ಹೊತ್ತಿಗೆ ಹೋಗೋಣ. 1482ರಲ್ಲಿ ಸರ್ ಎಡ್ಮಂಡ್ ಬೆಡಿಂಗ್‌ಫೆಲ್ಡ್ ಎಂಬವರಿಗೆ ರಾಜ ನಾಲ್ಕನೇ ಎಡ್ವರ್ಡ್ ಒಂದು ಪರವಾನಗಿ ಕೊಟ್ಟ. ಮನೆಗೆ ಗೋಪುರ ಕಟ್ಟಲು, ಗೋಡೆಯ ನೆತ್ತಿಗೆ ಕೋಟೆಯಂತೆ ತೆನೆ ಇಡಲು ಅನುಮತಿ. ಆಗಿನ ಇಂಗ್ಲೆಂಡಿನಲ್ಲಿ ಯಾರೆಂದರೆ ಅವರು ತಮ್ಮ ಮನೆಗೆ ತೆನೆ ಇಡುವಂತಿರಲಿಲ್ಲ. ಸಿಂಹಾಸನಕ್ಕಾಗಿ ಎರಡು ಮನೆತನಗಳು ದಶಕಗಳ ಕಾಲ ಕಾದಾಡುತ್ತಿದ್ದ ದಿನಗಳವು. ತೆನೆ ಇಡುವ ಹಕ್ಕು ಎಂದರೆ ರಾಜನ ವಿಶ್ವಾಸಕ್ಕೆ ಪಾತ್ರರಾದವರ ಗುರುತು.

ಆಕ್ಸ್‌ಬರೋದ ಸುತ್ತ ಚೌಕಾಕಾರದ ಕಂದಕ, ಅದರ ನೀರಿನಿಂದಲೇ ನೇರವಾಗಿ ಎದ್ದು ಬಂದ ಗೋಡೆಗಳು, ನಡುವೆ ತೆರೆದ ಅಂಗಳ. ನಮ್ಮ ಕಡೆಯ ತೊಟ್ಟಿ ಮನೆ ನೋಡಿದವರಿಗೆ ಈ ವಿನ್ಯಾಸ ಥಟ್ಟನೆ ಹಿಡಿಯುತ್ತದೆ: ನಾಲ್ಕು ಕಡೆ ಮನೆ, ನಡುವೆ ಆಕಾಶ. ಕಂದಕದ ಮೇಲಿನ ಸೇತುವೆ ದಾಟಿದರೆ ಎದುರಿಗೆ ದ್ವಾರಗೋಪುರ. ಎಂಟು ಮೂಲೆಯ ಎರಡು ಗೋಪುರಗಳು ಸುಮಾರು 80 ಅಡಿ ಎತ್ತರಕ್ಕೆ ಏರಿವೆ, ನಡುವೆ ಬಾಗಿಲು, ಅದರ ಮೇಲೆ ದೊಡ್ಡ ಕೋಣೆಗಳು. ನೋಡಿದರೆ ಕೋಟೆ, ಒಳಗೆ ಹೋದರೆ ಮನೆ. ಬಾಗಿಲ ಮೇಲಿನ ಕಿಟಕಿಗಳು ಎಷ್ಟು ಅಗಲ ಎಂದರೆ, ಫಿರಂಗಿ ಬಂದಿದ್ದ ಕಾಲದಲ್ಲಿ ಯುದ್ಧಕ್ಕೆಂದು ಯಾರೂ ಹಾಗೆ ಕಟ್ಟುತ್ತಿರಲಿಲ್ಲ. 1487ರಲ್ಲಿ ಏಳನೇ ಹೆನ್ರಿ ಇಲ್ಲಿಗೆ ಬಂದಿದ್ದ. ದ್ವಾರಗೋಪುರದ ಒಂದು ಕೋಣೆಗೆ ಇವತ್ತಿಗೂ ರಾಜನ ಕೋಣೆ ಎಂದೇ ಹೆಸರು.

ಇಷ್ಟನ್ನೂ ಇಟ್ಟಿಗೆಯಲ್ಲಿ ಕಟ್ಟಿದರು. ಕಾರಣ ನೆಲದಲ್ಲೇ ಇದೆ. ನಾರ್ಫೋಕ್‌ನಲ್ಲಿ ಕಟ್ಟಡಕ್ಕೆ ಒದಗುವ ಒಳ್ಳೆಯ ಕಲ್ಲು ಬಲು ಕಡಿಮೆ. ಸಿಗುವುದು ಚಕಮಕಿ ಕಲ್ಲು. ಅದು ಗುಂಡುಗುಂಡಾಗಿ, ಗಾಜಿನಂತೆ ಒಡೆಯುವ ಕಲ್ಲು. ಗೋಡೆ ತುಂಬಲು ಅದು ಆದೀತು, ಮೂಲೆ ತಿದ್ದಲು, ಕಮಾನು ಕೂರಿಸಲು ಒಗ್ಗುವುದಿಲ್ಲ. ಬೇರೆ ಸೀಮೆಯಿಂದ ಕಲ್ಲು ತರಿಸಿದರೆ ಸಾಗಣೆಯ ಖರ್ಚೇ ತಲೆಯ ಮೇಲೆ ಕೂರುತ್ತದೆ. ಜೇಡಿಮಣ್ಣಿಗೆ ಮಾತ್ರ ಬರವಿಲ್ಲ. ಸಮುದ್ರದಾಚೆಯ ಫ್ಲಾಂಡರ್ಸ್, ಹಾಲೆಂಡ್ ಕಡೆಯವರು ಇಟ್ಟಿಗೆಯಲ್ಲಿ ಊರಿಗೆ ಊರನ್ನೇ ಕಟ್ಟುತ್ತಿದ್ದರು. ಅವರೊಂದಿಗೆ ಪೂರ್ವ ಇಂಗ್ಲೆಂಡಿನ ಬಂದರುಗಳಿಗೆ ನಿತ್ಯದ ವ್ಯಾಪಾರ. ರೋಮನ್ನರು ಬಿಟ್ಟು ಹೋದ ಮೇಲೆ ಇಂಗ್ಲೆಂಡ್ ಶತಮಾನಗಟ್ಟಲೆ ಮರೆತಿದ್ದ ಕಸುಬು ಹೀಗೆ ಇದೇ ದಿಕ್ಕಿನಿಂದ ಮರಳಿತು. 1430–40ರ ದಶಕಗಳಲ್ಲಿ ಕೇಸ್ಟರ್, ಟ್ಯಾಟರ್‌ಶಲ್, ಹರ್ಸ್ಟ್‌ಮನ್ಸೂ ಕೋಟೆಗಳು ಇಟ್ಟಿಗೆಯಲ್ಲೇ ಎದ್ದವು. ಆಕ್ಸ್‌ಬರೋ ಆ ಸಾಲಿನ ಮುಂದಿನ ಪೀಳಿಗೆ. ಇಟ್ಟಿಗೆಯನ್ನು ಬಡವರ ಕಲ್ಲು ಎಂದು ನೋಡುವ ಅಭ್ಯಾಸ ನಮಗಿದ್ದರೆ ಇಲ್ಲಿ ಅದನ್ನು ಬಿಡಬೇಕು. 15ನೇ ಶತಮಾನದ ಇಂಗ್ಲೆಂಡಿನಲ್ಲಿ ಕೆಂಪು ಇಟ್ಟಿಗೆ ಹಣವಂತರು ಹೆಮ್ಮೆಯಿಂದ ತೋರಿಸಿಕೊಳ್ಳುತ್ತಿದ್ದ ಹೊಸ ಮೋಜು.

ಆ ಇಟ್ಟಿಗೆ ಹೇಗಿತ್ತು ಎಂದು ತಿಳಿಯದೆ ಮುಂದಿನ ದುರಸ್ತಿಯ ಕಥೆ ಅರ್ಥವಾಗುವುದಿಲ್ಲ. ಚಳಿಗಾಲಕ್ಕೆ ಮುಂಚೆ ಮಣ್ಣು ಅಗೆದು ಹಿಮಕ್ಕೆ ಬಿಡುವುದು, ಬೇಸಿಗೆಯಲ್ಲಿ ತುಳಿದು ಹದ ಮಾಡಿ ಮರದ ಅಚ್ಚಿಗೆ ಒತ್ತುವುದು, ಒಣಗಿಸಿ ಗೂಡು ಹಾಕಿ ಸೌದೆಯಲ್ಲಿ ಸುಡುವುದು. ಗೂಡಿನ ನಡುವೆ ಕೂತ ಇಟ್ಟಿಗೆಗೂ ಅಂಚಿನಲ್ಲಿ ಕೂತದ್ದಕ್ಕೂ ಬೆಂಕಿ ಒಂದೇ ಸಮ ತಾಗುವುದಿಲ್ಲ. ಒಂದು ಕಿತ್ತಳೆ ಬಣ್ಣ, ಒಂದು ಕೆಂಪು, ಬೆಂಕಿಗೆ ತೀರಾ ಹತ್ತಿರವಿದ್ದದ್ದು ನೀಲಿಗಪ್ಪು. ಅಳತೆಯೂ ಅಷ್ಟೆ, ಒಂದರ ಹಾಗೆ ಇನ್ನೊಂದಿಲ್ಲ. ದಪ್ಪ ಎರಡು ಅಂಗುಲದ ಆಸುಪಾಸು, ಈಗಿನ ಇಂಗ್ಲಿಷ್ ಇಟ್ಟಿಗೆಗಿಂತ ತೆಳು. ಹೀಗೆ ಸೊಟ್ಟಪಟ್ಟ ಇದ್ದುದನ್ನು ಸಮನಾಗಿ ಕೂರಿಸಬೇಕಾದರೆ ಸಂದು ಅಗಲವಾಗಲೇಬೇಕು. ಆ ಅಗಲದ ಸಂದನ್ನು ತುಂಬುವುದು ಸುಣ್ಣದ ಗಾರೆ. ಅಂದರೆ ಆ ಕಾಲದ ಗೋಡೆಯಲ್ಲಿ ಕಣ್ಣಿಗೆ ಕಾಣುವ ಜಾಗದ ಗಣನೀಯ ಪಾಲು ಇಟ್ಟಿಗೆಯೇ ಅಲ್ಲ, ಗಾರೆ.

ದ್ವಾರಗೋಪುರದ ಸುರುಳಿ ಮೆಟ್ಟಿಲು ಈ ಕುಶಲತೆಯ ಶಿಖರ. ಮೆಟ್ಟಿಲು ಇಟ್ಟಿಗೆ, ನಡುಗಂಬ ಇಟ್ಟಿಗೆ, ತಲೆಯ ಮೇಲೆ ಸುತ್ತುತ್ತಾ ಏರುವ ಕಮಾನಿನ ಚಾವಣಿಯೂ ಇಟ್ಟಿಗೆ. ಸಪಾಟು ಇಟ್ಟಿಗೆಯಿಂದ ಒಂದು ಅರೆಗೋಲದ ಕಮಾನು ಕಟ್ಟುವುದೇ ಕಷ್ಟ. ಇಲ್ಲಿ ಆ ಕಮಾನು ಸುತ್ತುತ್ತಲೂ ಇದೆ, ಏರುತ್ತಲೂ ಇದೆ. ಹತ್ತುವಾಗ ಕೈ ಊರಲು ಗೋಡೆಯೊಳಗೇ ತೋಡಿದ ಹಾಗೆ ಒಂದು ಹಿಡಿ ಇದೆ. ಅದು ಮರದ್ದಲ್ಲ, ಅಂಗೈ ಕೂರುವ ಆಕಾರಕ್ಕೇ ತಿದ್ದಿದ ಇಟ್ಟಿಗೆಗಳು ಒಂದರ ಪಕ್ಕ ಒಂದು ಮೇಲಿನವರೆಗೂ ಹೋಗುತ್ತವೆ. ಹಿಡಿಯಲು ಹಗ್ಗ ಕಟ್ಟಿದ್ದರೂ ಸಾಕಿತ್ತು. ಕಟ್ಟಿದವರು ಹಾಗೆ ಮಾಡಲಿಲ್ಲ.

ಮನೆತನ, ಮತ್ತು ಮನೆಗೆ ಬಿದ್ದ ಪೆಟ್ಟುಗಳು

ಬೆಡಿಂಗ್‌ಫೆಲ್ಡರು ಕ್ಯಾಥೊಲಿಕರು. 1559ರಲ್ಲಿ ಮೊದಲನೇ ಎಲಿಜಬೆತ್‌ಳ ಸರ್ಕಾರ ದೇಶದ ಪೂಜೆಯನ್ನೆಲ್ಲ ಒಂದೇ ಪ್ರಾಟೆಸ್ಟಂಟ್ ಕ್ರಮಕ್ಕೆ ತಂದಾಗಲೂ ಈ ಮನೆಯವರು ಬದಲಾಗಲಿಲ್ಲ. ಫಲ ಏನಾಯಿತು? ಅಧಿಕಾರ ಹೋಯಿತು, ದಂಡ ಬಿತ್ತು, ಪೂಜೆ ಕದ್ದುಮುಚ್ಚಿ ನಡೆಯಿತು. ಅದರ ಗುರುತು ಕಟ್ಟಡದಲ್ಲೇ ಇದೆ. ರಾಜನ ಕೋಣೆಗೆ ಹತ್ತಿಕೊಂಡ ಪುಟ್ಟ ಮೂಲೆಯೊಂದರ ನೆಲದಲ್ಲಿ ಹೆಂಚು ಹಾಸಿದ ಒಂದು ತುಂಡು ಓಕ್ ಮರದ ಚೌಕಟ್ಟಿನ ಮೇಲೆ ತಿರುಗುತ್ತದೆ. ಒಂದು ಬದಿ ಒತ್ತಿದರೆ ಇನ್ನೊಂದು ಬದಿ ಏಳುತ್ತದೆ. ಒಬ್ಬ ಮನುಷ್ಯ ಮೈ ಹಿಂಡಿಕೊಂಡು ಇಳಿಯುವಷ್ಟು ಕಿಂಡಿ. ಪಾದ್ರಿ ಸಿಕ್ಕಿಬಿದ್ದರೆ ಅವನ ಪ್ರಾಣಕ್ಕೂ ಆಶ್ರಯ ಕೊಟ್ಟವರ ಪ್ರಾಣಕ್ಕೂ ಕುತ್ತು. ಮುಚ್ಚಿದ ಮೇಲೆ ನೆಲ ನೆಲವಾಗಿಯೇ ಕಾಣುತ್ತದೆ. ಈ ಅಡಗುದಾಣದ ಮಾತನ್ನು ನೆನಪಿನಲ್ಲಿಡಿ, ಅಟ್ಟದಲ್ಲಿ ಸಿಕ್ಕಿದ್ದಕ್ಕೆ ಇದರ ನಂಟಿದೆ.

ನಂತರದ ಎರಡು ಶತಮಾನ ಮನೆಗೆ ಒಳ್ಳೆಯದಾಗಿರಲಿಲ್ಲ. 1640ರ ದಶಕದಲ್ಲಿ ರಾಜನಿಗೂ ಸಂಸತ್ತಿಗೂ ನಡೆದ ಅಂತರ್ಯುದ್ಧದ ಕಾಲದಲ್ಲಿ ಪೆಟ್ಟು ಬಿತ್ತು. 1775ರ ಹೊತ್ತಿಗೆ ಅಂಗಳದ ದಕ್ಷಿಣ ಬದಿಯ ಮುಖ್ಯ ಭೋಜನಶಾಲೆಯನ್ನು ಮನೆಯವರೇ ಕೆಡವಿಸಿದರು. ನಾಲ್ಕು ಕಡೆ ಮುಚ್ಚಿದ್ದ ಮನೆಗೆ ಒಂದು ಕಡೆ ಬಾಯಿ ತೆರೆಯಿತು.

1829ರಲ್ಲಿ ಕ್ಯಾಥೊಲಿಕರ ಮೇಲಿದ್ದ ಮುಖ್ಯ ನಿರ್ಬಂಧಗಳು ಕಾನೂನಿನಿಂದ ತೊಲಗಿದವು. ಅದಾದ ಬೆನ್ನಿಗೇ, 1830ರ ದಶಕದಲ್ಲಿ, ಮನೆಯ ದೊಡ್ಡ ನವೀಕರಣ ಶುರುವಾಯಿತು. ವಾಸ್ತುಶಿಲ್ಪಿ ಜಾನ್ ಚೆಸೆಲ್ ಬಕ್ಲರ್. ಲಂಡನ್ನಿನ ಹೊಸ ಸಂಸತ್ ಭವನದ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಪಡೆದವರು. ಮನೆಗೆ ಹಳೆಯ ಗೋಥಿಕ್ ಕಳೆ ಮರಳಿ ಬರಲಿ ಎಂದು ಅವರು ತಿರುಚಿದ ಟೆರಾಕೋಟಾ ಚಿಮಣಿ, ಮುಂಚಾಚಿದ ಕಿಟಕಿ ಎಲ್ಲವನ್ನೂ ಕೂಡಿಸಿದರು. ತೋಟದಲ್ಲಿ ಒಂದು ಚಾಪೆಲ್ಲೂ ಎದ್ದಿತು. ಮೂರು ಶತಮಾನ ನೆಲದ ಕಿಂಡಿಯಲ್ಲಿ ಅಡಗಿದ್ದ ಪೂಜೆ ಬಯಲಿಗೆ ಬಂತು. ಇವತ್ತು ಆಕ್ಸ್‌ಬರೋ ಎಂದರೆ ಕಣ್ಣಿಗೆ ಕಟ್ಟುವ ಚಾವಣಿಯ ಸಾಲು, ಡಾರ್ಮರ್‌ಗಳ ಸಮೇತ, ಬಹುಪಾಲು ಈ 19ನೇ ಶತಮಾನದ ಕೆಲಸ.

1951ರಲ್ಲಿ ಮನೆ ಮಾರಾಟವಾಯಿತು. ಕೆಡವಿ ಮರ, ಇಟ್ಟಿಗೆ ಮಾರಿಕೊಳ್ಳುವವರ ಕೈಗೆ ಹೋಗುವುದರಲ್ಲಿತ್ತು. ಯುದ್ಧ ಮುಗಿದ ಆ ವರ್ಷಗಳಲ್ಲಿ ಇಂಗ್ಲೆಂಡಿನ ಹಳ್ಳಿಗಾಡಿನ ದೊಡ್ಡ ಮನೆಗಳು ಒಂದಾದ ಮೇಲೊಂದು ನೆಲಸಮವಾಗುತ್ತಿದ್ದವು. ಲೇಡಿ ಸಿಬಿಲ್ ಬೆಡಿಂಗ್‌ಫೆಲ್ಡ್ ಮತ್ತು ಕುಟುಂಬದ ಇನ್ನಿಬ್ಬರು ಹೆಂಗಸರು ತಾವಿದ್ದ ಮನೆಗಳನ್ನು ಮಾರಿ ಆಕ್ಸ್‌ಬರೋವನ್ನು ಕೊಂಡು, 1952ರಲ್ಲಿ ನ್ಯಾಷನಲ್ ಟ್ರಸ್ಟ್‌ಗೆ ಒಪ್ಪಿಸಿದರು. ಈ ಮನೆಯ ವಾಸ್ತುಚರಿತ್ರೆಯಲ್ಲಿ ಎಡ್ಮಂಡ್‌ನ ಹೆಸರಿನ ಪಕ್ಕದಲ್ಲೇ ಈ ಮೂವರ ಹೆಸರೂ ಬರಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಡಾರ್ಮರ್ ಎಂಬ ನಾಜೂಕು ಜಾಗ

ಈಗ ಬಿದ್ದ ಕಿಟಕಿಗೆ ಬರೋಣ. ಇಟ್ಟಿಗೆ ಗೋಡೆ ಮೇಲಿನ ಭಾರವನ್ನು ನೇರ ಕೆಳಕ್ಕೆ ಒಯ್ಯುವವರೆಗೆ ಸುಖವಾಗಿರುತ್ತದೆ. ಪಕ್ಕಕ್ಕೆ ತಳ್ಳಿಸಿಕೊಳ್ಳುವುದು ಅದಕ್ಕೆ ಆಗಿಬರುವುದಿಲ್ಲ. ಇಳಿಜಾರು ಚಾವಣಿಯ ಪಕಾಸುಗಳು ಕಾಲು ಚಾಚಿದ ಹಾಗೆ ಗೋಡೆಯ ನೆತ್ತಿಯನ್ನು ಸದಾ ಹೊರಕ್ಕೆ ಒತ್ತುತ್ತಿರುತ್ತವೆ. ಆ ಒತ್ತಡವನ್ನು ಅಡ್ಡತೊಲೆಗಳು ಹಿಡಿದು ಕಟ್ಟಿಹಾಕಬೇಕು. ಡಾರ್ಮರ್ ಇಟ್ಟಿಗೆಯದಾದರೆ ಅದು ಸರಿಯಾಗಿ ಇದೇ ಅಂಚಿನಲ್ಲಿ, ಗೋಡೆಯ ನೆತ್ತಿಯ ಮೇಲೆ ನಿಲ್ಲುತ್ತದೆ. ಮುಂದೆ ಗಾಳಿ, ಹಿಂದೆ ಮರದ ಚಾವಣಿ. ಹಿಂದಿನ ಮರಕ್ಕೆ ಅದನ್ನು ಗಟ್ಟಿಯಾಗಿ ಬಿಗಿಯದಿದ್ದರೆ ಅದು ಬಿಡಿ ಗೋಡೆಯ ತುಂಡು.

ಇದರ ಮೇಲೆ ನೀರು. ಡಾರ್ಮರ್‌ನ ಪುಟ್ಟ ಮಾಡು ದೊಡ್ಡ ಮಾಡನ್ನು ಸೇರುವಲ್ಲಿ ಎರಡೂ ಬದಿಗೆ ಕಣಿವೆಯಂಥ ಸಂಧಿ ಉಂಟಾಗುತ್ತದೆ. ಮಳೆನೀರೆಲ್ಲ ಅಲ್ಲಿಗೇ ಬರುತ್ತದೆ. ಅಲ್ಲಿಗೆ ಸೀಸದ ತಗಡು ಹಾಸುವುದು ರೂಢಿ. ತಗಡು ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿ ಒಂದು ದಿನ ಸೀಳುತ್ತದೆ. ಹೆಂಚಿನ ಮಾಡಿನಲ್ಲಿ ಬೆಳೆದವರು ಯಾರನ್ನೇ ಕೇಳಿ, ಸೋರಿಕೆ ಮೊದಲು ಕಾಣುವುದು ಎರಡು ಮಾಡು ಕೂಡುವ ಜಾಗದಲ್ಲೇ ಎನ್ನುತ್ತಾರೆ. ಸೋರಿದ ನೀರು ಪಕಾಸಿನ ತುದಿಗೆ ಇಳಿಯುತ್ತದೆ, ತುದಿ ಕೊಳೆಯುತ್ತದೆ. ಇಟ್ಟಿಗೆಯ ಸಂದಿಗೆ ಇಳಿದದ್ದು ಚಳಿಗಾಲದಲ್ಲಿ ಮಂಜುಗಟ್ಟಿ ಹಿಗ್ಗುತ್ತದೆ, ಗಾರೆಯನ್ನು ಪುಡಿಮಾಡುತ್ತದೆ. ಕಬ್ಬಿಣದ ಪಟ್ಟಿ ಇದ್ದರೆ ತುಕ್ಕು ಹಿಡಿದು ಉಬ್ಬಿ ಒಳಗಿನಿಂದಲೇ ಗೋಡೆಯನ್ನು ಸೀಳುತ್ತದೆ. ಇದ್ಯಾವುದೂ ಅಂಗಳದಲ್ಲಿ ನಿಂತವರಿಗೆ ಕಾಣದು.

ಹಾಗಾಗಿ ಹಳೆಯ ಇಟ್ಟಿಗೆ ಮನೆಗಳನ್ನು ನೋಡುವಾಗ ವಯಸ್ಸೇ ರೋಗ ಎಂದುಕೊಳ್ಳುವುದು ತಪ್ಪು. ಆಕ್ಸ್‌ಬರೋದಲ್ಲಿ 1480ರ ದಶಕದ ದ್ವಾರಗೋಪುರ ಕಂದಕದ ನೀರಿನ ಪಕ್ಕದಲ್ಲೇ ನಿಂತಿದೆ. ಕೆಳಗೆ ಬಂದದ್ದು ಅದಕ್ಕಿಂತ ಮೂರೂವರೆ ಶತಮಾನ ಚಿಕ್ಕದಾದ ಕಿಟಕಿ. ಒಂದು ಕಾಲದ ಕೆಲಸ ಇನ್ನೊಂದು ಕಾಲದ ಕೆಲಸದ ಮೇಲೆ ಕೂರುವ ಜಾಗ, ಇಟ್ಟಿಗೆ ಮರವನ್ನು ಸೇರುವ ಜಾಗ, ಮಾಡು ಮಾಡನ್ನು ಸೇರುವ ಜಾಗ: ಮೊದಲು ಹೋಗಿ ನೋಡಬೇಕಾದದ್ದು ಇವನ್ನು.

ಸುಲಭದ ದಾರಿ ಒಂದಿತ್ತು. ಡಾರ್ಮರ್‌ಗಳು ಹೇಗೂ ಆಮೇಲೆ ಸೇರಿಸಿದವು, ತೆಗೆದುಬಿಡಿ, ಮಾಡನ್ನು ಸಪಾಟು ಮಾಡಿ, ಮೂಲರೂಪಕ್ಕೆ ತಂದೆವು ಎನ್ನಿ. ಆ ದಾರಿ ಹಿಡಿಯದೆ ಡಾರ್ಮರ್, ಚಿಮಣಿ ಎಲ್ಲವನ್ನೂ ದುರಸ್ತಿ ಮಾಡಿದ್ದು ಸರಿಯಾದ ನಿರ್ಧಾರ. ಬಕ್ಲರ್‌ನ ಚಾವಣಿಯೂ ಈ ಮನೆಯ ಚರಿತ್ರೆಯೇ. ಶತಮಾನಗಳ ಕಾಲ ತಲೆ ತಗ್ಗಿಸಿ ಬದುಕಿದ ಮನೆತನ ತಲೆ ಎತ್ತಿದ ಗಳಿಗೆಯಲ್ಲಿ ಕಟ್ಟಿಸಿದ ಚಾವಣಿ ಅದು. ಅದನ್ನು ಅಳಿಸಿದರೆ ಉಳಿಯುವುದು 1482ರ ಮನೆಯಲ್ಲ, ಎಂದೂ ಇರದಿದ್ದ ಒಂದು ಮನೆ.

ಹಳೆಯ ಇಟ್ಟಿಗೆಯ ದುರಸ್ತಿಯಲ್ಲಿ ಗಾರೆಯ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲಾಗದು. ಸುಣ್ಣದ ಗಾರೆ ಇಟ್ಟಿಗೆಗಿಂತ ಮೆತ್ತಗೆ. ಗೋಡೆ ಸ್ವಲ್ಪ ಜರುಗಿದರೆ ಅದು ಒಗ್ಗಿಕೊಳ್ಳುತ್ತದೆ, ಒಳಗಿನ ತೇವ ಸಂದಿನ ಮೂಲಕ ಆರಿಹೋಗುತ್ತದೆ. ಸವೆಯುವುದು ಗಾರೆ, ನೂರು ವರ್ಷಕ್ಕೊಮ್ಮೆ ಕೆದಕಿ ಮತ್ತೆ ತುಂಬಿದರೆ ಮುಗಿಯಿತು. ಅದೇ ಸಂದಿಗೆ ಸಿಮೆಂಟ್ ತುಂಬಿದರೆ ಲೆಕ್ಕ ತಲೆಕೆಳಗಾಗುತ್ತದೆ. ಸಿಮೆಂಟ್ ಇಟ್ಟಿಗೆಗಿಂತ ಗಟ್ಟಿ, ನೀರನ್ನು ಬಿಡುವುದಿಲ್ಲ. ತೇವಕ್ಕೆ ಹೊರಬರಲು ಇಟ್ಟಿಗೆಯ ಮೈಯೊಂದೇ ದಾರಿಯಾಗುತ್ತದೆ, ಚಳಿಗೆ ಆ ಮೈಯೇ ಚಕ್ಕೆ ಏಳುತ್ತದೆ. ಕೊನೆಗೆ ಸಿಮೆಂಟಿನ ಗೆರೆಗಳು ಜೇನುಹುಟ್ಟಿನ ಹಾಗೆ ಮುಂದೆ ಚಾಚಿಕೊಂಡು, ಇಟ್ಟಿಗೆ ಒಳಕ್ಕೆ ಕರಗಿಹೋಗಿರುತ್ತದೆ. ಇಪ್ಪತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಅದೆಷ್ಟೋ ಹಳೆಯ ಗೋಡೆಗಳಿಗೆ ಒಳ್ಳೆಯ ಮನಸ್ಸಿನಿಂದಲೇ ಈ ಕೇಡು ಮಾಡಲಾಗಿದೆ. ನಮ್ಮ ಊರುಗಳ ಹಳೆಯ ದೇವಸ್ಥಾನ, ವಾಡೆಗಳಿಗೂ ಸಿಮೆಂಟ್ ಮೆತ್ತುವವರು ಇದನ್ನೊಮ್ಮೆ ಯೋಚಿಸಲಿ.

ಹಲಗೆಯ ಕೆಳಗೆ

2020ರಲ್ಲಿ ಕೆಲಸ ನಡೆಯುತ್ತಿರುವಾಗಲೇ ಕೋವಿಡ್ ಬಂತು. ಚಾವಣಿಯ ಮರಮುಟ್ಟು ದುರಸ್ತಿ ಮಾಡಬೇಕಾದರೆ ಅಟ್ಟದ ನೆಲದ ಹಲಗೆಗಳನ್ನು ಎಬ್ಬಿಸಬೇಕು. ಎಬ್ಬಿಸಿದ ಜಾಗದಲ್ಲಿ ತುಂಬಿದ್ದ ದೂಳು, ಕಸವನ್ನು ಸಲಿಕೆಯಲ್ಲಿ ತೆಗೆದು ಚೀಲಕ್ಕೆ ತುಂಬಿದ್ದರೆ ಅರ್ಧ ದಿನದ ಕೆಲಸ. ಹಾಗೆ ಮಾಡಲಿಲ್ಲ. ಉಳಿದವರ ಕೆಲಸ ನಿಂತಿದ್ದ ಆ ದಿನಗಳಲ್ಲಿ ಪುರಾತತ್ವಜ್ಞರೊಬ್ಬರು ಒಬ್ಬರೇ ಕೂತು, ಜಂತಿಗಳ ನಡುವಿನ ದೂಳನ್ನು ಬೆರಳಿನಿಂದ ಕೆದಕುತ್ತಾ ಹೋದರು.

ಇಲಿಗಳ ಎರಡು ಹಳೆಯ ಗೂಡುಗಳು ಸಿಕ್ಕವು. ಇಲಿ ಗೂಡು ಕಟ್ಟಿದ್ದು ಬಟ್ಟೆಯಲ್ಲಿ. ರೇಷ್ಮೆ, ಮಖಮಲ್ಲು, ಉಣ್ಣೆ, ಚರ್ಮ, ಕಸೂತಿಯ ಚೂರು, ಎಲ್ಲ ಸೇರಿ ಇನ್ನೂರಕ್ಕೂ ಹೆಚ್ಚು ತುಂಡು. ಕೆಲವು ಎಲಿಜಬೆತ್ ಕಾಲದವು. ಮನೆಯ ಯಜಮಾನಿಯ ಉಡುಪಿನಿಂದ ಕತ್ತರಿಸಿ ಬಿದ್ದ ಅಂಚನ್ನು ಇಲಿ ಎಳೆದೊಯ್ದು ಬೆಚ್ಚಗೆ ಹಾಸಿಕೊಂಡಿದೆ. ನಾಲ್ಕು ಶತಮಾನ ದಾಟಿದರೂ ಹೊಲಿಗೆ ಹಾಗೇ ಇದೆ. ಜೊತೆಗೆ ಕೈಬರಹದ ಸಂಗೀತದ ಹಾಳೆ, ಹಳೆಯ ಪುಸ್ತಕಗಳ ಪುಟ, ಎರಡನೇ ಮಹಾಯುದ್ಧದ ಕಾಲದ ಖಾಲಿ ಚಾಕೊಲೇಟ್ ಡಬ್ಬಿ, ಸಿಗರೇಟು ಪೊಟ್ಟಣ. ದುರಸ್ತಿ ಕೆಲಸಗಾರರಿಗೆ 1568ರ ಒಂದು ಪ್ರಾರ್ಥನಾ ಪುಸ್ತಕ ಹೆಚ್ಚುಕಡಿಮೆ ಇಡಿಯಾಗಿ ಸಿಕ್ಕಿತು.

ಇವು ಉಳಿದದ್ದು ಹೇಗೆ? ಹಲಗೆಯ ಕೆಳಗೆ ದಪ್ಪನಾಗಿ ಕೂತಿದ್ದ ಸುಣ್ಣದ ಗಾರೆಯ ಪುಡಿ ಮತ್ತು ದೂಳು ಗಾಳಿಯಲ್ಲಿನ ತೇವವನ್ನು ಹೀರಿಕೊಂಡು ಎಲ್ಲವನ್ನೂ ಒಣಗಿಟ್ಟಿತ್ತು. ಗೋಡೆಯನ್ನು ಕಾಯುವ ಅದೇ ಸುಣ್ಣ, ಅಟ್ಟದಲ್ಲಿ ಬಟ್ಟೆ ಕಾಗದವನ್ನೂ ಕಾದಿದೆ.

ಇನ್ನೊಂದು ವಸ್ತು ಸಿಕ್ಕಿದ್ದು ಸೂರಿನ ಅಂಚಿನ ಕಲ್ಲುಮಣ್ಣಿನ ಕಸದಲ್ಲಿ. ಅದನ್ನು ಕಂಡದ್ದು ಕಟ್ಟಡ ಕೆಲಸದವರೊಬ್ಬರು. 15ನೇ ಶತಮಾನದ, ಕರುವಿನ ಚರ್ಮದ ಹಾಳೆಯ ಮೇಲೆ ಬರೆದ ಲ್ಯಾಟಿನ್ ಕೀರ್ತನೆಯ ಪುಟದ ಚೂರು. ಅಂಗೈಯಷ್ಟು ದೊಡ್ಡದು. ಅದರ ಮೊದಲಕ್ಷರದ ನೀಲಿಯೂ ಚಿನ್ನವೂ ನಿನ್ನೆ ಬಳಿದ ಹಾಗೆ ಹೊಳೆಯುತ್ತಿದ್ದವು. ಓದಿದವರು ಅದು ಲ್ಯಾಟಿನ್ ಬೈಬಲ್ಲಿನ 39ನೇ ಕೀರ್ತನೆ ಎಂದು ಗುರುತಿಸಿದರು. ಅದರ ಮೊದಲ ಮಾತು 'ಎಕ್ಸ್‌ಪೆಕ್ಟಾನ್ಸ್ ಎಕ್ಸ್‌ಪೆಕ್ಟಾವಿ', ಕನ್ನಡದಲ್ಲಾದರೆ 'ಕಾದು ಕಾದೆನು'. ಇಂಥ ಪುಸ್ತಕ ಇಟ್ಟುಕೊಂಡು ಪೂಜೆ ಮಾಡುವುದು ನಿಷಿದ್ಧವಾಗಿದ್ದ ಕಾಲದಲ್ಲೂ ಈ ಮನೆಯವರು ತಮ್ಮ ಪೂಜೆ ಬಿಟ್ಟಿರಲಿಲ್ಲ. ನೆಲದ ಕಿಂಡಿ ಪಾದ್ರಿಗಾಗಿ ಎಂದು ಎಲ್ಲರಿಗೂ ಗೊತ್ತಿತ್ತು. ಆ ಪೂಜೆಯಲ್ಲಿ ಬೆರಳು ತಾಗಿರಬಹುದಾದ ಒಂದು ಪುಟ ಅಟ್ಟದಲ್ಲೇ ಇತ್ತು.

ಒಬ್ಬ ಕೆಲಸಗಾರ ಬಗ್ಗಿ ಎತ್ತಿಕೊಂಡು, ಇದೇನೋ ಬೇರೆ ಎಂದು ತೋರಿಸಿದ್ದರಿಂದ ಇದು ನಮಗೆ ಉಳಿಯಿತು. ದೊಡ್ಡ ದುರಸ್ತಿಗಳಲ್ಲಿ ಗಡುವು, ಬಾಡಿಗೆ, ಅಟ್ಟಣಿಗೆಯ ದಿನಗೂಲಿ ಎಲ್ಲ ಬೆನ್ನು ಹತ್ತಿರುತ್ತವೆ. ಅಂಥಲ್ಲಿ ಕಸವನ್ನು ಕಸ ಎನ್ನುವ ಮುಂಚೆ ಕೈಗೆತ್ತಿ ನೋಡುವ ಶಿಸ್ತನ್ನು ಗಾರೆಯವರಿಗೂ ಬಡಗಿಗಳಿಗೂ ಕಲಿಸಿದ್ದೇ ಈ ಪ್ರಕರಣದಲ್ಲಿ ನಾನು ಅತ್ಯಂತ ಮೆಚ್ಚುವ ಸಂಗತಿ. ಕಿಟಕಿ ಬೀಳದಿದ್ದರೆ ಹಲಗೆ ಏಳುತ್ತಿರಲಿಲ್ಲ ಎನ್ನುವುದು ನಿಜ. ಬಿದ್ದ ಮೇಲೆ ಅವಸರ ಮಾಡಿದ್ದರೂ ಏನೂ ಸಿಗುತ್ತಿರಲಿಲ್ಲ.

2022ರಲ್ಲಿ ಚಾವಣಿಯ ಕೆಲಸ ಮುಗಿಯಿತು. ಡಾರ್ಮರ್‌ಗಳು ಅಂಗಳದ ಮೇಲೆ ಮತ್ತೆ ಸಾಲಾಗಿ ನಿಂತಿವೆ.

ಮನೆಗೆ ಹತ್ತಿರದಲ್ಲೇ ಊರಿನ ಸೇಂಟ್ ಜಾನ್ ಚರ್ಚ್ ಇದೆ. 1948ರಲ್ಲಿ ಅದರ ಶಿಖರ ಮುರಿದು ಕೆಳಗಿನ ಸಭಾಂಗಣದ ಮೇಲೆ ಬಿತ್ತು. ಪಕ್ಕದ ಬೆಡಿಂಗ್‌ಫೆಲ್ಡ್ ಚಾಪೆಲ್‌ಗೆ ಏನೂ ಆಗಲಿಲ್ಲ; 16ನೇ ಶತಮಾನದ ಆರಂಭದಲ್ಲಿ ಸುಟ್ಟ ಜೇಡಿಮಣ್ಣಿನಲ್ಲೇ ಮಾಡಿದ ಆ ಮನೆತನದ ಸಮಾಧಿಗಳು ಎಲೆ ಬಳ್ಳಿಗಳ ಸಮೇತ ಅಲ್ಲಿ ಇವತ್ತಿಗೂ ಇವೆ. ಸಭಾಂಗಣಕ್ಕೆ ಮಾತ್ರ ಮತ್ತೆ ಚಾವಣಿ ಬರಲಿಲ್ಲ.